ಅಲ್ಯುಮಿನಿಯಂ ತಂತಿ ಕಟ್ಟಿದ ಗಿಡ

ತಿಮ್ಮಪ್ಪಣ್ಣ ಆಟೋದಿಂದ ಇಳಿದವರು ನಮ್ಮ ಮನೆಯ ಕಡೆ ನೋಡಲೇ ಇಲ್ಲ. ಕೋಲು ಊರಿಕೊಂಡು ನೇರ ಬಾವಿಕಟ್ಟೆಯ ಹತ್ತಿರ ಹೋದರು. ಅಲ್ಲಿ ಎರಡು ಕುಂಡ ಇದ್ದವು. ಅದರಲ್ಲಿ ಅಲ್ಯುಮಿನಿಯಂ ತಂತಿ ಕಟ್ಟಿದ ಗಿಡದ ಮುಂದೆ ಕಷ್ಟಪಟ್ಟು ಬಗ್ಗಿ, ಒಂದೊಂದೇ ಎಲೆಯನ್ನು ಬೆರಳಲ್ಲಿ ಎತ್ತಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಮೊದಲಿಂದ ನೋಡಿದರು.

"ಎಲ್ಲೋ ಮಂಜ, ಕಾಯಿ?"

ನಾನೂ ಬಗ್ಗಿ ನೋಡಿದೆ. ಕಾಯಿ ಇರಲಿಲ್ಲ. ನಾನು ತೀರ್ಥಹಳ್ಳಿಯಿಂದ ಬಂದದ್ದು ಅವತ್ತೇ ಬೆಳಿಗ್ಗೆ. ಬಂದವನು ಸ್ನಾನ ಮಾಡಿ ತಿಂಡಿ ತಿಂದೆ. ಗಿಡ ನೋಡಿರಲಿಲ್ಲ. ಗಿಡ ಎಲ್ಲಿಗೂ ಹೋಗುವುದಿಲ್ಲವಲ್ಲ ಅಂತ.

"ಇತ್ತು ತಿಮ್ಮಪ್ಪಣ್ಣ."

"ಇತ್ತು ಅಂದ್ರೆ?"

"ಇತ್ತು."

ಅವರು ಬಾವಿಕಟ್ಟೆಯ ಮೇಲೆ ನನಗೆ ಬೆನ್ನು ಹಾಕಿ ಕೂತರು. ನನ್ನ ಮಾತು ನಂಬಲಿಲ್ಲ ಅಂತ ಆ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ಅವರು ಅಲ್ಲೇ ಕೂತಿರಲಿ. ಇದು ಏನು ಅಂತ ನಿಮಗೆ ತಿಳಿಯಬೇಕಾದರೆ ಹಿಂದಿನದು ಹೇಳಬೇಕು. ಸರಿಯಾಗಿ ಸಾಲಾಗಿ ಹೇಳುವುದು ನನಗೆ ಬರುವುದಿಲ್ಲ, ನಡುವೆ ಬೇರೆ ಬೇರೆ ನೆನಪಾಗುತ್ತದೆ. ಸುಧಾರಿಸಿಕೊಳ್ಳಿ.

ನಾನು ಕಸಿ ಕಟ್ಟುವವನು. ಒಂಬತ್ತನೇ ಕ್ಲಾಸಿನ ನಡುವೆ ಶಾಲೆ ಬಿಟ್ಟೆ. ಯಾಕೆ ಬಿಟ್ಟೆ ಅಂತ ಎಲ್ಲರೂ ಕೇಳುತ್ತಾರೆ. ಒಂದೇ ಕಡೆ ಕೂತುಕೊಳ್ಳಲು ಆಗುತ್ತಿರಲಿಲ್ಲ, ಅಷ್ಟೆ. ಈಗ ನೋಡಿದರೆ ಮಳೆಗಾಲ ಪೂರ್ತಿ ನರ್ಸರಿಯ ಶೆಡ್ಡಿನಲ್ಲಿ ಒಂದೇ ಕಡೆ ಕೂತು ಕೆಲಸ. ದೇವರು ಇಂಥದ್ದನ್ನೆಲ್ಲ ಬೇಕಂತಲೇ ಮಾಡುತ್ತಾನೆ.

ಕೆಲಸ ಕಲಿಸಿದ್ದು ಹೊಸನಗರದ ಕಡೆ ಇರುವ ನನ್ನ ಸೋದರಮಾವ. ಅವನು ಅಪ್ಪೆಮಿಡಿ ಕಸಿ ಕಟ್ಟುತ್ತಾನೆ. ಅಪ್ಪೆಮಿಡಿ ಗೊತ್ತಲ್ಲ, ಉಪ್ಪಿನಕಾಯಿಗೆ ಹಾಕುವ ಎಳೆ ಮಾವು. ಒಳ್ಳೆ ಮರದ ಕಡ್ಡಿ ತಂದು, ತುದಿಯನ್ನು ಬೆಣೆಯ ಹಾಗೆ ಎರಡೂ ಕಡೆ ಸವರಿ, ಕಾಡಿನ ಕಾಟು ಮಾವಿನ ಸಸಿಯ ತಲೆ ಕತ್ತರಿಸಿ ಸೀಳಿ, ಆ ಸೀಳಿನಲ್ಲಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುವುದು. ಮೇಲೆ ಐಸ್‌ಕ್ಯಾಂಡಿ ಕವರಿನ ಟೋಪಿ. ಸಿಪ್ಪೆಯ ಒಳಗಿನ ಹಸಿರು ಆ ಕಡೆಯದಕ್ಕೂ ಈ ಕಡೆಯದಕ್ಕೂ ತಾಗಬೇಕು. ತಾಗಿದರೆ ಹತ್ತುತ್ತದೆ, ಇಲ್ಲದಿದ್ದರೆ ಒಣಗುತ್ತದೆ. ಇದರಲ್ಲಿ ಹೆಚ್ಚೇನಿಲ್ಲ. ಜನ ಮಾತ್ರ ಕೈಗುಣ ಅನ್ನುತ್ತಾರೆ. ಕಸಿ ಹತ್ತಿದರೆ ಮಂಜನ ಕೈಗುಣ ಒಳ್ಳೆಯದು. ಸತ್ತರೆ ಮಂಜ ಬೆಳಿಗ್ಗೆ ಯಾರ ಮುಖ ನೋಡಿ ಬಂದಿದ್ದನೋ ಏನೋ. ಬ್ಲೇಡು ಹರಿತ ಇತ್ತಾ ಅಂತ ಒಬ್ಬರೂ ಕೇಳುವುದಿಲ್ಲ.

ಶಾಲೆಯಲ್ಲಿದ್ದಾಗಲೇ ಈ ಹುಚ್ಚು ಇತ್ತು. ಒಂದು ಸಲ ಶಾಲೆಯ ಕೈತೋಟದಲ್ಲಿ ಗುಲಾಬಿಯ ಕಡ್ಡಿ ತಂದು ದಾಸವಾಳಕ್ಕೆ ಕಟ್ಟಿದೆ. ಗುಲಾಬಿಯೂ ಸತ್ತಿತು, ದಾಸವಾಳವೂ ಸತ್ತಿತು.

"ಎಂತದೋ ಇದು?" ಅಂತ ಮೇಷ್ಟ್ರು ಕೇಳಿದರು.

"ಕಸಿ ಸಾರ್."

"ಇದು ಕಸಿ ಅಲ್ಲ, ಕೊಲೆ" ಅಂತ ಹೊರಗೆ ನಿಲ್ಲಿಸಿದರು. ಹೊರಗೆ ನಿಂತದ್ದು ನನಗೆ ಒಳ್ಳೆಯದೇ ಆಯಿತು. ಅಲ್ಲಿ ಕೂರಬೇಕಾಗಿರಲಿಲ್ಲ.

ತಿಮ್ಮಪ್ಪಣ್ಣನ ವಿಷಯಕ್ಕೆ ಬರುತ್ತೇನೆ. ಅವರ ಮನೆ ಹೊಸನಗರ ಪೇಟೆಯಲ್ಲಿ. ಕರೆಂಟಿನ ಲೈನ್‌ಮನ್ ಆಗಿದ್ದು ರಿಟೈರ್ ಆದವರು. ಒಂದು ದಿನ ಮಾವನ ನರ್ಸರಿಗೆ ಬಂದು, ಜೇಬಿನಿಂದ ಬೆಂಕಿಕಡ್ಡಿಯಷ್ಟು ಸಪೂರದ ಒಂದು ರೆಂಬೆ ತೆಗೆದು ತೋರಿಸಿ, "ಇಷ್ಟು ಚಿಕ್ಕದಕ್ಕೆ ಕಟ್ತೀಯನಾ?" ಅಂತ ಕೇಳಿದರು.

"ಎಂತಕ್ಕೆ?" ಅಂದೆ.

"ಕಟ್ತೀಯಾ ಇಲ್ವಾ ಹೇಳು. ಎಂತಕ್ಕೆ ಅಂತ ಆಮೇಲೆ."

ಈ ಮನುಷ್ಯ ಪರವಾಗಿಲ್ಲ ಅನ್ನಿಸಿತು. ಅವರ ಸ್ಕೂಟರ್ ಹಿಂದೆ ಕೂತು ಮನೆಗೆ ಹೋದೆ. ಅಂಗಳ, ಮೆಟ್ಟಿಲು, ತಾರಸಿ, ಎಲ್ಲಿ ನೋಡಿದರೂ ಕುಂಡ. ಕುಂಡ ಅಂದರೆ ಕುಂಡವೂ ಅಲ್ಲ, ತಟ್ಟೆ. ತಟ್ಟೆಯಲ್ಲಿ ಮೊಣಕಾಲು ಎತ್ತರದ ಆಲದ ಮರ, ಅದಕ್ಕೆ ಬಿಳಲು. ಅಂಗೈ ಅಗಲದ ನೆರಳು ಕೊಡುವ ಹುಣಸೆ. ಎಲ್ಲಾ ಕೊಂಬೆಗೂ ತಂತಿ ಸುತ್ತಿ ಬಗ್ಗಿಸಿದ್ದರು. ಗುಜರಿ ಅಂಗಡಿಯಿಂದ ತಂದ ಹಳೇ ಸರ್ವೀಸ್ ವೈರಿನ ಅಲ್ಯುಮಿನಿಯಂ, ಸುಟ್ಟ ಮೋಟಾರಿನ ತಾಮ್ರ. ತಂತಿ ಸುತ್ತಿದ್ದು ಮಾತ್ರ ಬಹಳ ಚೆನ್ನಾಗಿತ್ತು. ಕಂಬದ ಮೇಲೆ ನಿಂತು ಸುತ್ತಿ ರೂಢಿಯಾದ ಕೈ.

ನನಗೆ ಬೋನ್ಸಾಯ್ ಅಂದರೆ ಆಗ ಗೊತ್ತಿರಲಿಲ್ಲ. ಊರು ತುಂಬ ಮರ ಇರುವಾಗ ಇದೊಂದು ಎಂತ ಚಟ ಅನ್ನಿಸಿತು. ಹಾಗೇ ಕೇಳಿದೆ.

"ಇಷ್ಟು ಹಿಂಸೆ ಎಂತಕ್ಕೆ ತಿಮ್ಮಪ್ಪಣ್ಣ? ನೆಲದಲ್ಲಿ ನೆಟ್ರೆ ಮರ ಆಗ್ತದಲ್ಲ."

"ನೆಲದಲ್ಲಿ ನೆಟ್ಟಿದ್ದನ್ನೆಲ್ಲ ಕಡ್ದಿದ್ದು ನಾನೇ ಮಾರಾಯ. ಸರ್ವೀಸ್ ಪೂರ್ತಿ ಅದೇ ಕೆಲ್ಸ. ಮಳೆಗಾಲ ಬಂತು ಅಂದ್ರೆ ಲೈನಿಗೆ ತಾಗೋದನ್ನೆಲ್ಲ ಕಡಿ. ಒಳ್ಳೊಳ್ಳೆ ಮರ. ಮನೆಯವ್ರು ಬಂದು ಶಾಪ ಹಾಕೋರು." ಆಮೇಲೆ ಹುಣಸೆಯ ಒಂದು ಚಿಗುರನ್ನು ಕತ್ತರಿಯಲ್ಲಿ ಚಕ್ಕಂತ ಕತ್ತರಿಸಿ, "ಇವು ಲೈನಿಗೆ ತಾಗಲ್ಲ" ಅಂದರು.

ಅವರ ಹೆಂಡತಿ ಸರೋಜಕ್ಕ ಒಳಗಿಂದ ಕಾಫಿ ತಂದರು. "ಬಟ್ಟೆ ಒಣ್ಸೋಕೆ ಜಾಗ ಇಲ್ಲ ಈ ಮನೇಲಿ" ಅಂದರು. ಅದು ನನಗೆ ಹೇಳಿದ್ದಲ್ಲ.

ಅವರು ನನ್ನನ್ನು ಕರೆದುಕೊಂಡು ಹೋದದ್ದು ಒಂದು ಪರ್ಸಿಮನ್ ಗಿಡಕ್ಕಾಗಿ. ಪರ್ಸಿಮನ್ ಅಂದರೆ ದೊಡ್ಡ ಪೇಟೆಯ ಹಣ್ಣಿನಂಗಡಿಯಲ್ಲಿ ಟೊಮೆಟೊ ಥರ ಕೂತಿರುವ ಕಿತ್ತಳೆ ಬಣ್ಣದ ಹಣ್ಣು. ಇದು ಅದರದ್ದೇ ಸಣ್ಣ ಜಾತಿ. ತಿನ್ನುವುದಕ್ಕಲ್ಲ, ನೋಡುವುದಕ್ಕೆ. ಚಳಿಗಾಲದಲ್ಲಿ ಎಲೆ ಉದುರಿ ಕೊಂಬೆ ಬೋಳಾದ ಮೇಲೆ, ಗೋಲಿಗಿಂತ ಸ್ವಲ್ಪ ದೊಡ್ಡ ಹಣ್ಣುಗಳು ಉದ್ದ ತೊಟ್ಟಿನಲ್ಲಿ ನೇತಾಡುತ್ತವೆ. ಮದುವೆ ಮನೆಗೆ ದೀಪದ ಸೀರಿಯಲ್ ಸೆಟ್ ಹಾಕಿದ ಹಾಗೆ ಕಾಣುತ್ತದೆ ಅಂತ ಅವರು ಹೇಳಿದರು. ಲೈನ್‌ಮನ್ ಅಲ್ಲವಾ, ಅವರಿಗೆ ಹಾಗೇ ಕಾಣುವುದು. ನಾನು ಹಣ್ಣು ನೋಡಿದ್ದು ಅವರ ಫೋನಿನಲ್ಲಿ ಮಾತ್ರ. ಫೋನಿನ ಗಾಜು ಒಡೆದಿತ್ತು. ಹಾಗಾಗಿ ಹಣ್ಣಿನ ಮೇಲೂ ಬಿರುಕು ಇತ್ತು.

ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹಣ್ಣು ಬಿಡುವುದು ಹೆಣ್ಣು. ಗಂಡು ಹತ್ತಿರ ಇಲ್ಲದಿದ್ದರೆ ಅದೂ ಸರಿಯಾಗಿ ಬಿಡುವುದಿಲ್ಲ. ಬೀಜ ಹಾಕಿದರೆ ಹುಟ್ಟುವುದು ಹೆಚ್ಚು ಗಂಡೇ ಅಂತೆ. ಅದಕ್ಕೇ ಇದನ್ನು ಸಾಕುವವರು ಹೆಣ್ಣು ಗಿಡದ ಕಡ್ಡಿ ತಂದು ಕಸಿ ಕಟ್ಟುತ್ತಾರೆ. ಜಾಯಿಕಾಯಿಗೂ ನಮ್ಮಲ್ಲಿ ಹಾಗೇ ಮಾಡುವುದು, ಅದು ನನಗೆ ಗೊತ್ತಿತ್ತು. ತಿಮ್ಮಪ್ಪಣ್ಣನ ಹತ್ತಿರ ಒಂದು ಗಂಡು, ಒಂದು ಹೆಣ್ಣು ಇದ್ದವು. ಎರಡನ್ನೂ ನೀಲಗಿರಿಯ ಕಡೆಯ ಒಬ್ಬರಿಂದ ಬೇರಿನ ತುಂಡು ತಂದು, ಮಕ್ಕಳ ಹಾಗೆ ನೋಡಿಕೊಂಡು ದೊಡ್ಡದು ಮಾಡಿದ್ದರು. ಹೆಣ್ಣು ಈಗ ಸಾಯುತ್ತಿತ್ತು. ಗಂಡ ಹೆಂಡತಿ ತೀರ್ಥಯಾತ್ರೆಗೆ ಹೋದಾಗ ಮನೆ ನೋಡಿಕೊಳ್ಳಲು ಬಂದ ಸರೋಜಕ್ಕನ ತಂಗಿ, ಪಾಪ ಚಿಕ್ಕ ಗಿಡ ಅಂತ ಎರಡು ಹೊತ್ತೂ ಬಿಂದಿಗೆಯಲ್ಲಿ ನೀರು ಹೊಯ್ದಿದ್ದರು. ಬೇರು ಕೊಳೆತಿತ್ತು.

"ಇದು ಹೋದ್ರೆ ಹೋಯ್ತು" ಅಂದರು ತಿಮ್ಮಪ್ಪಣ್ಣ. "ಕೊಟ್ಟೋರೂ ಈಗಿಲ್ಲ. ಇಂಥದ್ದು ನಂಗೆ ಇನ್ನೆಲ್ಲೂ ಸಿಗಲ್ಲ. ಒಂದಾದ್ರೂ ಉಳ್ಸು."

ಹಾಗೆ ಅವರು ಕೇಳುವ ಜನ ಅಲ್ಲ. ಸರಿ ಅಂದೆ.

ಕಸಿ ಕಟ್ಟಲು ಕೆಳಗೆ ಒಂದು ಬೇರಿನ ಸಸಿ ಬೇಕಲ್ಲ. ನಮ್ಮ ಹೊಳೆ ದಂಡೆಯ ತುಮರಿ ಗಿಡ ಇದರದ್ದೇ ಕುಲ ಅಂತ ತಿಮ್ಮಪ್ಪಣ್ಣನೇ ಎಲ್ಲೋ ಓದಿ ಹೇಳಿದರು. ಅದು ನನಗೆ ಆಶ್ಚರ್ಯ. ತುಮರಿ ಕಾಯಿ ಅಂದರೆ ನನಗೆ ಗೊತ್ತಿದ್ದದ್ದು ಅಂಟು. ನನ್ನ ಅಜ್ಜ ಅದನ್ನು ಜಜ್ಜಿ, ನೀರಲ್ಲಿ ಕೊಳೆಸಿ, ಮೀನಿನ ಬಲೆಗೆ ಬಳಿಯುತ್ತಿದ್ದ. ಬಲೆ ಕಪ್ಪಾಗುತ್ತಿತ್ತು, ಗಟ್ಟಿಯಾಗುತ್ತಿತ್ತು, ಮತ್ತು ಯಾರೂ ಅಜ್ಜನ ಹತ್ತಿರ ಕೂರುತ್ತಿರಲಿಲ್ಲ. ಅಷ್ಟು ವಾಸನೆ. ಚಿಕ್ಕವನಿದ್ದಾಗ ಹಣ್ಣು ಅಂತ ಒಂದನ್ನು ಕಚ್ಚಿದ್ದೆ. ಸಂಜೆಯವರೆಗೂ ನಾಲಿಗೆ ನನ್ನದು ಅನ್ನಿಸಲಿಲ್ಲ. ನಾನು ಮಾತಾಡಲಾರದೆ ಕೂತದ್ದು ನೋಡಿ ಅಮ್ಮ, "ಇನ್ನೊಂದು ಕೊಡಿ ಇವನಿಗೆ" ಅಂದಿದ್ದಳು.

ಸಸಿ ತರಲು ಬ್ಯಾಕೋಡಿನ ಕಡೆ ಹೋದೆ. ಆಗ ಇನ್ನೂ ಸೇತುವೆ ಆಗಿರಲಿಲ್ಲ, ಲಾಂಚಿನಲ್ಲೇ ಹಿನ್ನೀರು ದಾಟಬೇಕಿತ್ತು. ಅಲ್ಲಿ ಪರಿಚಯದವರ ಜಾಗದ ಅಂಚಿನಲ್ಲಿ ಕೈಬೆರಳು ದಪ್ಪದ ಸಸಿಗಳಿದ್ದವು. ಅಗೆದು, ಬೇರಿಗೆ ಗೋಣಿ ಸುತ್ತಿ, ವಾಪಸು ಲಾಂಚ್ ಹತ್ತಿದೆ. ಪಕ್ಕದಲ್ಲಿ ನಿಂತಿದ್ದ ಒಬ್ಬರು ಗೋಣಿ ನೋಡಿ, "ಎಂತ ಗಿಡ ಅದು?" ಅಂದರು.

"ತುಮರಿ."

"ತುಮರಿ ಸಸಿ ಯಾರಾದ್ರೂ ನೆಡ್ತಾರನಾ?"

"ತಲೆ ಕತ್ತರ್ಸೋಕೆ."

ಅವರು ಲಾಂಚಿನ ಆ ಕಡೆಗೆ ಹೋಗಿ ನಿಂತರು.

ಚಳಿಗಾಲ ಮುಗಿಯುವ ಹೊತ್ತಿಗೆ ತಿಮ್ಮಪ್ಪಣ್ಣ ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಹೆಣ್ಣಿನದೂ ಕೊಟ್ಟರು, ಗಂಡಿನದೂ ಕೊಟ್ಟರು. ಗಂಡಿನದೂ ಇನ್ನೊಂದು ಇರಲಿ ಅಂತ. ಎಲೆ ಇಲ್ಲದಾಗ ಎರಡೂ ಒಂದೇ ಥರ ಕಾಣುತ್ತವೆ. ಗುರುತಿಗೆ ಒಂದಕ್ಕೆ ತಾಮ್ರದ ಎಳೆ, ಇನ್ನೊಂದಕ್ಕೆ ಅಲ್ಯುಮಿನಿಯಂ ಎಳೆ ಸುತ್ತಿದ್ದರು. "ತಂತಿ ನೋಡಿದ್ರೆ ಗೊತ್ತಾಗ್ತದೆ" ಅಂದರು. ಎಲ್ಲ ಕಟ್ಟಿದೆ. ತಂತಿ ಬಿಚ್ಚಲಿಲ್ಲ. ಬ್ಲೇಡು ಹೊಸದು.

ಎಲ್ಲ ಸತ್ತವು. ಒಂದು ಬಿಟ್ಟು.

ಐಸ್‌ಕ್ಯಾಂಡಿ ಕವರಿನೊಳಗೆ ಆ ಒಂದರ ಮೊಗ್ಗು ಒಡೆದು ಹಸಿರು ಕಂಡಿತು. ತಿಮ್ಮಪ್ಪಣ್ಣನ ಮನೆಯ ಹೆಣ್ಣು ಗಿಡ ಅಷ್ಟರಲ್ಲಿ ಪೂರ್ತಿ ಒಣಗಿ, ಸರೋಜಕ್ಕ ಅದನ್ನು ಬಚ್ಚಲಿನ ನೀರೊಲೆಗೆ ಹಾಕಿ ಆಗಿತ್ತು. ಫೋನ್ ಮಾಡಿದೆ.

"ಒಂದು ಹತ್ತಿದೆ ತಿಮ್ಮಪ್ಪಣ್ಣ. ಅಲ್ಯುಮಿನಿಯಂದು."

ಮತ್ತೆ ನಾನೇ ಕೇಳಿದೆ.

"ಅಲ್ಯುಮಿನಿಯಂ ಹೆಣ್ಣಾ ಗಂಡಾ?"

"ತಡಿ" ಅಂದರು. ಹಿಂದಿನಿಂದ ಸರೋಜಕ್ಕನ ದನಿ ಕೇಳಿತು. "ತಾಮ್ರ ಹೆಣ್ಣಿಗೆ. ಬಂಗಾರದ ಬಣ್ಣ, ಹೆಣ್ಣಿಗೇ ಇರ್ಲಿ ಅಂತ ನೀವೇ ಹೇಳಿದ್ರಿ."

"ನಾನೆಲ್ಲಿ ಹಂಗೆ ಹೇಳ್ದೆ? ತಾಮ್ರ ಗಡಸು. ಸಾಯೋ ಗಿಡದ ಕಡ್ಡಿಗೆ ಮೆತ್ತಗಿಂದೇ ಸುತ್ತಿರ್ತೀನಿ. ಅಲ್ಯುಮಿನಿಯಂ."

"ಸುತ್ತಿರ್ತೀನಿ ಅಂದ್ರೆ? ಸುತ್ತಿದ್ದು ನೆನಪಿಲ್ವಾ?"

ಫೋನ್ ಕಟ್ ಆಯಿತು. ಅವರೇ ಮಾಡಿದ್ದು.

ಅಲ್ಲಿಂದ ಶುರುವಾಯಿತು ನೋಡಿ. ಉಳಿದದ್ದು ಹೆಣ್ಣಾದರೆ ಆ ಗಿಡದ ವಂಶ ಉಳಿಯಿತು. ಗಂಡಾದರೆ ಮುಗಿಯಿತು, ಹೆಣ್ಣು ನೀರೊಲೆಯಲ್ಲಿ ಹೋದದ್ದೇ ಹೋದದ್ದು. ಹೂವೋ ಕಾಯಿಯೋ ಬಿಡುವವರೆಗೆ ಗೊತ್ತಾಗುವ ಹಾಗಿಲ್ಲ. ಕಾಯಿ ಬಿಡಲು ವರ್ಷಗಳು ಬೇಕು. ಆ ವರ್ಷಗಳಲ್ಲಿ ಅವರ ಮನೆಗೆ ನಾನು ಯಾವಾಗ ಹೋದರೂ ಇದೇ ಜಗಳ. ಸರೋಜಕ್ಕ ದೋಸೆ ಹಾಕುತ್ತಾ "ತಾಮ್ರ" ಅನ್ನುವುದು, ಇವರು ಚಟ್ನಿ ಹಚ್ಚಿಕೊಳ್ಳುತ್ತಾ "ಅಲ್ಯುಮಿನಿಯಂ" ಅನ್ನುವುದು. ಬೇರೆ ಮಾತೇ ಇರಲಿಲ್ಲ. ತಿಮ್ಮಪ್ಪಣ್ಣ ಜಗಳದಲ್ಲಿ ಜೋರಾಗಿರುತ್ತಿದ್ದರು. ಆದರೆ ಖಾಲಿ ತಟ್ಟೆ ಇದ್ದ ಜಾಗದಲ್ಲಿ ಬೇರೆ ಗಿಡ ಇಡಲಿಲ್ಲ. ಸರೋಜಕ್ಕ ಅಲ್ಲಿ ಬಟ್ಟೆ ಒಣಗಿಸಲೂ ಇಲ್ಲ.

ಕಸಿ ಗಿಡ ನಮ್ಮ ಮನೆಯಲ್ಲೇ ಇತ್ತು. ನಮ್ಮ ಮನೆ ಹೆಗ್ಗೋಡಿನ ಹತ್ತಿರ. ಅಲ್ಲಿಗೆ ಅವರು ಆಗಾಗ ಬಂದು ಕೊಂಬೆಗೆ ತಂತಿ ಸುತ್ತಿ ಹೋಗುತ್ತಿದ್ದರು. ಗಿಡ ಸೊಂಟ ಮುರಿದ ಮುದುಕನ ಹಾಗೆ ಆಯಿತು. ಅದು ಚಂದವಂತೆ. ಇರಬಹುದು.

ಹೋದ ಬೇಸಿಗೆಯ ಆರಂಭದಲ್ಲಿ ಗಿಡ ಈ ವರ್ಷ ಹೂ ಬಿಡುವ ಹಾಗೆ ಕಾಣುತ್ತದೆ ಅಂತ ಅವರಿಗೆ ಅನ್ನಿಸಿತು. ತಮ್ಮ ಮನೆಯ ಗಂಡು ಗಿಡವನ್ನು ಕುಂಡ ಸಮೇತ ಬಸ್ಸಿನಲ್ಲಿ ತಂದರು. ಹೆಮ್ಮೆಯಿಂದ ಅಲ್ಲ, ಸಿಟ್ಟಿನಿಂದ ಇಳಿದರು. ಹೊಸನಗರದಿಂದ ಸಾಗರದವರೆಗೂ ಕಂಡಕ್ಟರ್ ಜೊತೆ ಜಗಳವಾಗಿತ್ತು.

"ಗಿಡಕ್ಕೂ ಟಿಕೆಟ್ ಮಾಡ್ಬೇಕಂತೆ. ತೊಡೆ ಮೇಲೆ ಇಟ್ಕಳ್ತೀನಿ ಅಂದ್ರೆ, ಮಕ್ಕಳನ್ನ ಮಾತ್ರ ಅಂಗೆ ಇಟ್ಕಳ್ಳೋಕಾಗೋದು ಅಂತಾನೆ. ಎಲ್ಲಿಗೆ ಒಯ್ತಿದೀರಿ ಅಂತ ಬೇರೆ ಕೇಳ್ದ."

"ಎಂತ ಹೇಳಿದ್ರಿ?"

"ಹೆಣ್ಣು ನೋಡೋಕೆ ಅಂದೆ."

ಎರಡು ಕುಂಡವನ್ನೂ ಬಾವಿಕಟ್ಟೆಯ ಹತ್ತಿರ ಪಕ್ಕಪಕ್ಕ ಇಟ್ಟೆವು. ಅಮ್ಮ ಜಗುಲಿಯಿಂದ ನೋಡುತ್ತಿದ್ದಳು. "ಇದೂ ಗಂಡೇ ಆಗಿದ್ರೆ ಎಂತ ಮಾಡ್ತೀರಿ ತಿಮ್ಮಪ್ಪಣ್ಣ?"

"ಇಬ್ರೂ ಕೂತ್ಕಂಡು ಬೀಡಿ ಸೇದ್ಲಿ" ಅಂದರು. ನಗಲಿಲ್ಲ. ನಾವೂ ನಗಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಅವರು ಬಿದ್ದರು. ಸರ್ವೀಸ್ ಪೂರ್ತಿ ಕಂಬ ಹತ್ತಿ ಇಳಿದು ಒಂದೂ ಗಾಯ ಮಾಡಿಕೊಳ್ಳದ ಮನುಷ್ಯ ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು. ಪ್ಲಾಸ್ಟರ್ ಹಾಕಿ ಮಲಗಿಸಿದರು. ಹೂ ಬಿಟ್ಟಾಗ ಬಂದು ನೋಡಲು ಆಗಲಿಲ್ಲ. ನಾನೂ ನೋಡಲಿಲ್ಲ. ಹೂ ಎಲೆಯಡಿ ಅಡಗಿ ಬಿಡುತ್ತದೆ, ನನಗೆ ಎಲೆ ಎತ್ತಿ ನೋಡುವ ಬುದ್ಧಿ ಬರಲಿಲ್ಲ. ಮಳೆ ಹಿಡಿದ ಮೇಲೆ ಒಂದು ದಿನ ಬಾವಿಯಿಂದ ನೀರು ಸೇದುವಾಗ ಕಾಯಿ ಕಂಡಿತು. ಒಂದು ಹಿಡಿಯಷ್ಟು ಇರಬಹುದು. ಹಸಿರು. ಪ್ರತಿಯೊಂದಕ್ಕೂ ಬೆರಳುದ್ದದ ತೊಟ್ಟು.

"ಕಾಯಿ ಬಿಟ್ಟಿದೆ ತಿಮ್ಮಪ್ಪಣ್ಣ."

"ಸುಳ್ಳು ಹೇಳ್ಬೇಡ."

"ಸುಳ್ಳು ಎಂತಕ್ಕೆ ಹೇಳ್ಲಿ?"

"ಕಾಲು ಮುರ್ಕಂಡು ಬಿದ್ದಿದಾನೆ, ಸಮಾಧಾನ ಆಗ್ಲಿ ಅಂತ."

"ನಿಮ್ಗೆ ಸಮಾಧಾನ ಮಾಡಿ ನಂಗೆ ಎಂತ ಆಗ್ಬೇಕು?"

"ಅದೂ ಹೌದು" ಅಂದರು. "ಫೋಟೋ ಕಳ್ಸು."

ಕಳಿಸಿದೆ. ಹಸಿರು ಎಲೆಯಲ್ಲಿ ಹಸಿರು ಕಾಯಿ. ನನ್ನ ಫೋನಿನ ಕ್ಯಾಮೆರಾ ಎದುರಿಗೆ ನಿಂತ ಎಮ್ಮೆಯನ್ನೇ ಸರಿಯಾಗಿ ತೆಗೆಯುವುದಿಲ್ಲ. ಅವರ ಫೋನಿನ ಗಾಜು ಮೊದಲೇ ಒಡೆದದ್ದು.

"ಎಲೆ ಕಾಣ್ತದೆ" ಅಂದರು. "ಕಾಯಿ ಇದ್ರೂ ಅದು ಕೆಳಗಿನ ತುಮರಿದಿರ್ಬೇಕು. ಕೆಳಗಿನ ಗಿಡ ಚಿಗುರಿ ಮೇಲಿಂದನ್ನ ತಿಂದು ಹಾಕ್ತದೆ ಅಂತ ನೀನೇ ಹೇಳಿದ್ದೆ."

"ತುಮರಿ ಕಾಯಿ ಕೊಂಬೆಗೆ ಅಂಟ್ಕೊಂಡಿರ್ತದೆ. ಇದಕ್ಕೆ ಉದ್ದ ತೊಟ್ಟಿದೆ."

"ಕಣ್ಣಲ್ಲಿ ನೋಡೋವರ್ಗೂ ನಾನು ಒಪ್ಪಲ್ಲ. ಪ್ಲಾಸ್ಟರ್ ಬಿಚ್ಚಿದ ಕೂಡ್ಲೆ ಬರ್ತೀನಿ. ಯಾರೂ ಮುಟ್ಬೇಡಿ."

ನನಗೆ ತೀರ್ಥಹಳ್ಳಿಯ ಒಂದು ನರ್ಸರಿಯಿಂದ ಕರೆ ಬಂದಿತ್ತು. ಮಳೆಗಾಲವೇ ನಮ್ಮ ಸೀಸನ್. ಹೊರಡುವಾಗ ಅಮ್ಮನಿಗೆ, "ಬಾವಿಕಟ್ಟೆ ಗಿಡ ಮುಟ್ಬೇಡ" ಅಂದೆ. ಬಸ್ಸಿಗೆ ಹೊತ್ತಾಗಿತ್ತು, ಅಷ್ಟೇ ಹೇಳಿದೆ.

ಈಗ ನಮ್ಮ ಅಮ್ಮನ ಬಗ್ಗೆ ಹೇಳಬೇಕು. ನಮ್ಮ ಕಡೆಯಲ್ಲಿ ಮಿಡಿ ಉಪ್ಪಿನಕಾಯಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಗೊತ್ತಾಗುವುದಿಲ್ಲ. ಮಾವಿನ ಮಿಡಿಯನ್ನು ಉದುರಿಸುವ ಹಾಗಿಲ್ಲ, ನೆಲ ಮುಟ್ಟಿದ್ದು ಆಗುವುದಿಲ್ಲ, ಮರ ಹತ್ತಿ ಬುಟ್ಟಿಯಲ್ಲಿ ಇಳಿಸಬೇಕು. ಮುಖ್ಯ ಅಂದರೆ ತೊಟ್ಟು. ತೊಟ್ಟು ಮುರಿದರೆ ಸೊನೆ ಹರಿದುಹೋಗುತ್ತದೆ, ಮಿಡಿ ಭರಣಿಯಲ್ಲಿ ಮೆತ್ತಗಾಗುತ್ತದೆ. ಚಿಕ್ಕವನಿದ್ದಾಗ ತೊಟ್ಟಿಲ್ಲದ ಮಿಡಿ ತಂದು ನಾನು ತಿಂದ ಪೆಟ್ಟು ಮಗ್ಗಿ ತಪ್ಪಿದ್ದಕ್ಕೂ ತಿಂದಿಲ್ಲ. ನನ್ನ ಕೆನ್ನೆಯ ಮೇಲೆ ಈಗಲೂ ಒಂದು ಕಪ್ಪು ಕಲೆ ಇದೆ. ಪೆಟ್ಟಿನದಲ್ಲ, ಸೊನೆ ತಾಗಿ ಸುಟ್ಟದ್ದು. ಹೆಣ್ಣು ನೋಡಲು ಹೋದಾಗ ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ.

ಅಮ್ಮ ಮಾವಿನಲ್ಲಿ ನಿಲ್ಲಿಸಿದವಳಲ್ಲ. ಕವಳಿಕಾಯಿ, ಅಮಟೆ, ನೆಲ್ಲಿ, ಬಿಂಬಲಿ, ಎಳೆ ಹಲಸು, ಉಪ್ಪಿಗೆ ಬೀಳದ ಕಾಯಿ ನಮ್ಮ ಸುತ್ತಮುತ್ತ ಉಳಿದಿಲ್ಲ. ಹಸಿರಾಗಿ, ಸಣ್ಣದಾಗಿ, ತೊಟ್ಟಿನಲ್ಲಿ ನೇತಾಡುವುದು ಏನು ಕಂಡರೂ ಅವಳ ಕೈ ಹೋಗುತ್ತದೆ. ಅದು ಅವಳ ತಪ್ಪಲ್ಲ.

ಬಾವಿಕಟ್ಟೆಯ ಮೇಲೆ ತಿಮ್ಮಪ್ಪಣ್ಣನನ್ನು ಕೂರಿಸಿ ಬಂದಿದ್ದೆನಲ್ಲ. ನಾನು ಅಡಿಗೆಮನೆಗೆ ಹೋದೆ.

"ಅಮ್ಮ, ಬಾವಿಕಟ್ಟೆ ಗಿಡದ ಕಾಯಿ ಎಲ್ಲಿ?"

"ಭರಣಿಲಿ."

"ಗಿಡ ಮುಟ್ಬೇಡ ಅಂದಿದ್ನಲ್ಲ."

"ಗಿಡ ಯಾರು ಮುಟ್ಟಿದಾರೆ? ಮಿಡಿ ಕೊಯ್ದೆ."

"ಅದು ಮಿಡಿ ಅಲ್ಲ."

"ಇಷ್ಟೇ ಇಷ್ಟು ಇರೋದು ಮಿಡಿ ಅಲ್ದೆ ಎಂತ? ಒಂದು ಕೊಯ್ದು ನೋಡ್ದೆ, ಒಳಗೆ ಬೀಜ ಗಟ್ಟಿ ಆಗ್ತಾ ಬಂದಿತ್ತು. ನೀ ಊರಲ್ಲಿಲ್ಲ. ಹಾಂಗೇ ಬಿಟ್ರೆ ಬಲ್ತು ದಂಡ ಆಗ್ತಿತ್ತು. ನಿಂಗೆ ಉಪಕಾರ ಮಾಡಿದ್ದು ನಾನು."

ಹೊರಗೆ ಬಂದು ಹೇಳಿದೆ. ತಿಮ್ಮಪ್ಪಣ್ಣ ತಿರುಗಿ ನನ್ನ ಮುಖ ನೋಡಿದರು. ನಾನು ಕಥೆ ಕಟ್ಟುತ್ತಿದ್ದೇನೆ ಅಂತಲೇ ಅವರಿಗೆ ಅನ್ನಿಸಿರಬೇಕು. ಆದರೆ ಇಂಥ ಕಥೆ ಕಟ್ಟುವಷ್ಟು ತಲೆ ನನಗಿಲ್ಲ ಅಂತಲೂ ಅವರಿಗೆ ಗೊತ್ತು. ಕೋಲು ಬಾವಿಕಟ್ಟೆಯಲ್ಲೇ ಬಿಟ್ಟು ಕುಂಟುತ್ತಾ ಜಗುಲಿಗೆ ಬಂದರು.

ಅಮ್ಮ ಭರಣಿ ತಂದು ಇಟ್ಟಳು. ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದಳು. ತಿಮ್ಮಪ್ಪಣ್ಣ ಕೈ ಹಾಕಲು ಹೋದರು.

"ಕೈ ಹಾಕ್ಬೇಡಿ. ನೀರು ತಾಗಿದ್ರೆ ಬೂಸ್ಟು ಬರ್ತದೆ."

"ನೀರಿಲ್ಲಮ್ಮ ಕೈಲಿ."

"ಬೆವ್ರೂ ನೀರೇ."

ಒಳಗೆ ಹೋದಳು. ಮರದ ಸೌಟು ಹುಡುಕಿದಳು. ಅದನ್ನು ಒರೆಸಿದಳು. ಒಲೆಯ ಮೇಲೆ ಹಿಡಿದು ಬಿಸಿ ಮಾಡಿದಳು. ಆರಲು ಬಿಟ್ಟಳು. ಅಷ್ಟೂ ಹೊತ್ತು ತಿಮ್ಮಪ್ಪಣ್ಣ ಭರಣಿಯ ಬಾಯಿಯನ್ನೇ ನೋಡುತ್ತಾ ಕೂತಿದ್ದರು. ಲೈನ್ ಆಫ್ ಆಗಿದೆ ಅಂತ ಖಾತ್ರಿಯಾಗುವವರೆಗೆ ಕಂಬದ ಕೆಳಗೆ ಕಾಯುತ್ತಾರಲ್ಲ, ಹಾಗೆ. ಪುಣ್ಯಕ್ಕೆ ಅಮ್ಮ ಇನ್ನೂ ಖಾರ ಅರೆದು ಹಾಕಿರಲಿಲ್ಲ. ಬರೇ ಉಪ್ಪುನೀರು.

ಸೌಟಿನಲ್ಲಿ ಒಂದು ಮೇಲೆ ಬಂತು. ಚಿರುಟಿತ್ತು, ಬಣ್ಣ ಕಂದಾಗಿತ್ತು. ತಿಮ್ಮಪ್ಪಣ್ಣ ಅದನ್ನು ಎತ್ತಿದ್ದು ತೊಟ್ಟು ಹಿಡಿದು. ಬೆಳಕಿಗೆ ಹಿಡಿದರು. ಬೆರಳುದ್ದದ ತೊಟ್ಟು, ತುದಿಯಲ್ಲಿ ಕಾಯಿಗಿಂತ ಅಗಲವಾದ ನಾಲ್ಕು ಎಸಳಿನ ಟೋಪಿ, ಅದರಡಿ ಕಾಯಿ. ತೊಟ್ಟು ಒಂಚೂರೂ ಮುರಿದಿರಲಿಲ್ಲ.

"ತೊಟ್ಟಿದೆ" ಅಂದರು.

"ತೊಟ್ಟಿಲ್ದೆ ಯಾರಾದ್ರೂ ಕೊಯ್ತಾರಾ?" ಅಂದಳು ಅಮ್ಮ. ಅವಳಿಗೆ ಅವಮಾನವಾಗಿತ್ತು.

"ತೊಟ್ಟು ಮುರ್ದು ಹಾಕಿದ್ರೆ ಇದು ಎಂತದು ಅಂತ ಬ್ರಹ್ಮಂಗೂ ಗೊತ್ತಾಗ್ತಿರ್ಲಿಲ್ಲ." ಅವರು ಅದನ್ನು ಬಾಯಿಗೆ ಹಾಕಿ ಕಚ್ಚಿದರು. ಮುಖ ಒಂದು ಕಡೆಗೆ ಎಳೆಯಿತು. ತುಂಬ ಹೊತ್ತು ಮಾತಾಡಲು ಆಗಲಿಲ್ಲ. ಆ ನಾಲಿಗೆಯ ಪಾಡು ನನಗೆ ಗೊತ್ತು.

"ಒಗರು ಬಿಟ್ಟಿಲ್ಲ, ಅಲ್ದನಾ?" ಅಂತ ಅಮ್ಮ ಕೇಳಿದಳು.

ತಲೆ ಆಡಿಸಿದರು. ಆಮೇಲೆ ಫೋನ್ ತೆಗೆದರು.

"ಏ ಸರೋಜ, ಅಲ್ಯುಮಿನಿಯಂ ಹೆಣ್ಣೇ ಕಣೆ."

"ಯಾರು ಹೇಳಿದ್ದು?" ಅನ್ನುವುದು ನಮಗೂ ಕೇಳಿತು.

"ಭರಣಿಲಿದೆ."

"ಬಿಸಿಲಲ್ಲಿ ಕೂತಿದೀರಾ? ಒಳಗೆ ಹೋಗಿ ನೀರು ಕುಡೀರಿ ಮೊದ್ಲು. ಮಂಜಂಗೆ ಫೋನ್ ಕೊಡಿ."

ಅವರು ಕೊಡಲಿಲ್ಲ. ಫೋನ್ ಜೇಬಿಗೆ ಹಾಕಿ, ಒಂದು ಬಾಟಲಿಯಲ್ಲಿ ಸ್ವಲ್ಪ ಕಾಯಿ ಹಾಕಿಕೊಡಿ ಅಂತ ಅಮ್ಮನಿಗೆ ಹೇಳಿದರು. ಮನೆಯಲ್ಲಿ ತೋರಿಸಬೇಕಲ್ಲ. ಅಮ್ಮ ಹಾರ್ಲಿಕ್ಸ್ ಬಾಟಲಿ ಒಣಗಿಸಿ ತುಂಬಿಕೊಟ್ಟಳು. ಊಟ ಮಾಡಿಕೊಂಡು ಹೋಗಿ ಅಂದರೆ ನಿಲ್ಲಲಿಲ್ಲ. ಆಟೋದಲ್ಲಿ ಕೂತು ಬಾಟಲಿಯನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಗಂಡಿನ ಕುಂಡ ಒಯ್ಯಲ್ವಾ?" ಅಂದೆ.

"ಇಲ್ಲೇ ಇರ್ಲಿ. ಬರೋ ವರ್ಷಕ್ಕೂ ಬೇಕಲ್ಲ. ಆಗ ಹಣ್ಣು ಬಣ್ಣ ತಿರುಗಿದ ಕೂಡ್ಲೆ ಫೋನ್ ಮಾಡು, ಸರೋಜನ್ನೂ ಕರ್ಕಂಡು ಬರ್ತೀನಿ."

ಆಟೋ ಹೋಯಿತು. ಅಮ್ಮ ಬಾವಿಕಟ್ಟೆಯ ಹತ್ತಿರ ಹೋಗಿ ಗಿಡ ನೋಡಿದಳು. "ಬರೋ ವರ್ಷ ಇನ್ನೂ ಸ್ವಲ್ಪ ಎಳೇದಿರುವಾಗ್ಲೇ ಕೊಯ್ಬೇಕು" ಅಂದಳು.

ಹಣ್ಣಾದ ಮೇಲೆ ಅದು ನಿಜವಾಗಿ ಯಾವ ಬಣ್ಣ ಅಂತ ನನ್ನನ್ನು ಕೇಳಬೇಡಿ. ನಾನು ನೋಡಿಲ್ಲ. ಹೇಳುವುದಕ್ಕೆ ಇನ್ನೇನೂ ಇಲ್ಲ.